ಕಪಾಲಕುಂಡಲೆ ಸತ್ತಳಾ, ಇಲ್ವಾ?

ಮೊನ್ನೆ ಕಾರವಾರಕ್ಕೆ ಹೋಗಿದ್ದೆ. ನಮ್ಮೂರು ಅಂಕೋಲೆ. ಕಾರವಾರದಲ್ಲಿ ಮಾವಶಿ ಇದ್ದಾರೆ. ಅವರ ಪಾಲಿಗೆ ನಾನೆಂದರೆ ಉಚಿತ ಟೆಕ್ ಸಪೋರ್ಟ್. ಇಂಜಿನಿಯರ್ ಅಂದಮೇಲೆ ಮಿಕ್ಸಿಯಿಂದ ಮೊಬೈಲ್ ತನಕ ಎಲ್ಲಾ ರಿಪೇರಿ ಬರಬೇಕು ತಾನೆ!

ಈ ಸಲದ ಕೆಲಸ ಒಂದು ಆನ್‌ಲೈನ್ ಅರ್ಜಿ. ಮಾವಶಿಯ ಶಾಲೆ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಅಡ್ಡಹೆಸರು ಮಾತ್ರ ಅಲ್ಲ, ಹೆಸರೇ ಬೇರೆ. ನಮ್ಮ ಕಡೆ ಕೊಂಕಣಿ ಮಾತಾಡುವ ಎಷ್ಟೋ ಮನೆಗಳಲ್ಲಿ ಮದುವೆ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಅದರ ಮೇಲೆ ಹೆಂಡತಿಯ ಹೊಸ ಹೆಸರು ಬರೆಯುತ್ತಿದ್ದ. ಈಗೀಗ ಕಮ್ಮಿಯಾಗಿದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಓಡ್ತಾ ಇರೋ ಡೇಟಾಬೇಸ್‌ನ ಪ್ರೈಮರಿ ಕೀ ಬದಲಾಯಿಸಿದ ಹಾಗೆ. ಹಳೇ ರೆಕಾರ್ಡುಗಳೆಲ್ಲ ಅನಾಥ.

ಹಳೇ ಹೆಸರಿನ ಇನ್ನೊಂದು ಕಾಗದ ಸಿಗುತ್ತಾ ಅಂತ ಕಪಾಟು ತಡಕಾಡುವಾಗ ಒಂದು ಪುಸ್ತಕ ಸಿಕ್ಕಿತು. ರಟ್ಟು ಇಲ್ಲ, ಅನುವಾದಕರ ಹೆಸರಿದ್ದ ಪುಟವೂ ಇಲ್ಲ. ಉಳಿದಿದ್ದ ಮೊದಲ ಪುಟದ ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ಮಾವಶಿಯ ತವರಿನ ಹೆಸರು, ಅದರ ಕೆಳಗೆ ಬಾಲ್ ಪೆನ್ನಿನಲ್ಲಿ ಗಂಡನ ಮನೆಯ ಹೆಸರು. ಪುಸ್ತಕ ಬಂಕಿಮಚಂದ್ರ ಚಟ್ಟೋಪಾಧ್ಯಾಯರ 'ಕಪಾಲಕುಂಡಲಾ'ದ ಕನ್ನಡ ಅನುವಾದ.

ಅರ್ಜಿ ಅಲ್ಲೇ ಬಿಟ್ಟು ಅದನ್ನೇ ಓದುತ್ತ ಕೂತೆ. ಯಾಕಂದ್ರೆ ಈ ಪುಸ್ತಕದ ಜಗಳ ಕೇಳುತ್ತಲೇ ನಾನು ಬೆಳೆದಿದ್ದು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಅಂಕೋಲೆಯ ಮನೆ ಜಗಲಿಯಲ್ಲಿ ಮಾವಶಿ ಓದಿ ಹೇಳಿದ್ದರಂತೆ. ಕೊನೆಯಲ್ಲಿ ನಾಯಕಿ ಸತ್ತಳಾ ಇಲ್ಲವಾ ಅನ್ನೋದರ ಮೇಲೆ ತಾಯಿ ಮಗಳು ಕೊನೇ ತನಕ ಒಪ್ಪಂದಕ್ಕೆ ಬರಲೇ ಇಲ್ಲ. ಓದುಗರು ಒಪ್ಪಂದಕ್ಕೆ ಬಾರದ ಕಥೆ ಇದಕ್ಕಿಂತ ತುಂಬ ಹಳೆಯದು, ಅದರಲ್ಲಿ ಕಾರವಾರಕ್ಕೂ ಒಂದು ಪಾಲಿದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಅದನ್ನೇ ಬರೆಯೋಣ ಅಂತ.

ಮೊದಲು ಕಥೆ. 'ಕಪಾಲಕುಂಡಲಾ' ಬಂಗಾಳಿಯಲ್ಲಿ ಬಂದದ್ದು 1866ರಲ್ಲಿ. ಬಂಕಿಮರಿಗೆ ಆಗ 28 ವರ್ಷ, ಹೆಚ್ಚೂಕಮ್ಮಿ ನನ್ನ ವಯಸ್ಸು. (ಈ ಹೋಲಿಕೆ ಇಲ್ಲಿಗೇ ಮುಗಿಯಿತು.) ಹಿಂದಿನ ವರ್ಷ 'ದುರ್ಗೇಶನಂದಿನಿ' ಬರೆದು ಹೆಸರು ಮಾಡಿದ್ದರು. ಈ ಕಥೆ ನಡೆಯುವುದು ಅಕ್ಬರ್ ಹೋಗಿ ಜಹಾಂಗೀರ್ ಬರುವ ಹೊತ್ತಿಗೆ, ಅಂದರೆ 1605ರ ಸುಮಾರು. ಗಂಗಾಸಾಗರ ಯಾತ್ರೆ ಮುಗಿಸಿ ಬರುತ್ತಿದ್ದ ದೋಣಿಯೊಂದು ದಾರಿ ತಪ್ಪುತ್ತದೆ. ನವಕುಮಾರ ಎಂಬ ಯುವಕ ಎಲ್ಲರಿಗೂ ಅಡುಗೆಗೆ ಸೌದೆ ತರುತ್ತೇನೆಂದು ದಡಕ್ಕೆ ಇಳಿಯುತ್ತಾನೆ. ಅಷ್ಟರಲ್ಲಿ ಭರತಿ ನೀರು ಬರುತ್ತದೆ. ದೋಣಿಯವರು ಅವನನ್ನು ಬಿಟ್ಟೇ ಹೋಗುತ್ತಾರೆ. ಮರಳ ದಿಬ್ಬ, ಕಾಡು, ಸಮುದ್ರ, ದೂರದಲ್ಲಿ ಒಂದು ಬೆಂಕಿ. ಬೆಂಕಿಯ ಮುಂದೆ ಶವದ ಮೇಲೆ ಕೂತ ಕಾಪಾಲಿಕ. ಅವನಿಗೆ ನವಕುಮಾರನನ್ನು ಭೈರವಿಗೆ ಬಲಿ ಕೊಡಬೇಕಾಗಿದೆ. ಮುಸ್ಸಂಜೆಯಲ್ಲಿ ಸಮುದ್ರದ ದಡದಲ್ಲಿ ಕೂದಲು ಬಿಚ್ಚಿಕೊಂಡ ಒಬ್ಬ ಹುಡುಗಿ ಎದುರಾಗಿ ದಾರಿ ತಪ್ಪಿತಾ ಅಂತ ಕೇಳುತ್ತಾಳೆ. ಬಂಗಾಳದಲ್ಲಿ ಇವತ್ತಿಗೂ ಆ ಪ್ರಶ್ನೆ ಗೊತ್ತಿಲ್ಲದವರು ಕಮ್ಮಿ. ಕಾಪಾಲಿಕ ಸಾಕಿದ ಹುಡುಗಿ ಅವಳು. ಕಟ್ಟು ಬಿಚ್ಚಿ ಅವನನ್ನು ಉಳಿಸುತ್ತಾಳೆ, ಹತ್ತಿರದ ಗುಡಿಯ ಅರ್ಚಕ ಇಬ್ಬರಿಗೂ ಮದುವೆ ಮಾಡಿಸಿ ಊರಿಗೆ ಕಳಿಸುತ್ತಾನೆ.

ಊರು ಸಪ್ತಗ್ರಾಮ. ಅಲ್ಲಿ ಅವಳಿಗೆ ಹೊಸ ಹೆಸರು ಸಿಗುತ್ತದೆ, ಮೃಣ್ಮಯಿ. ಜಡೆ, ಒಡವೆ, ಒಳ್ಳೆ ಗಂಡ, ಪ್ರೀತಿಸುವ ನಾದಿನಿ, ಎಲ್ಲಾ ಇದೆ. ಅವಳಿಗೆ ಮಾತ್ರ ಮರಳ ದಡ ಮರೆಯುವುದಿಲ್ಲ. ಮುಂದಿನದು ಪೂರಾ ಸಸ್ಪೆನ್ಸು. ನವಕುಮಾರನ ಮೊದಲ ಹೆಂಡತಿ ಆಗ್ರಾದಿಂದ ಗಂಡುವೇಷದಲ್ಲಿ ಬರುತ್ತಾಳೆ, ದಿಬ್ಬದಿಂದ ಬಿದ್ದು ತೋಳು ಮುರಿದುಕೊಂಡ ಕಾಪಾಲಿಕ ಹುಡುಕಿಕೊಂಡು ಬರುತ್ತಾನೆ, ಗಂಡನ ತಲೆಯಲ್ಲಿ ಅನುಮಾನ ಸೇರುತ್ತದೆ, ಕಪಾಲಕುಂಡಲೆಗೆ ಆಕಾಶದಲ್ಲಿ ಭೈರವಿ ಕೈಬೀಸಿ ಕರೆದಂತೆ ಕಾಣುತ್ತದೆ. ಕೊನೆಗೆ ಸ್ಮಶಾನದ ಪಕ್ಕ ಹೊಳೆ ದಂಡೆ ಕುಸಿದು ಅವಳು ನೀರಿಗೆ ಬೀಳುತ್ತಾಳೆ. ನವಕುಮಾರ ಹಿಂದೆಯೇ ಹಾರುತ್ತಾನೆ. ಇಬ್ಬರೂ ಸಿಗುವುದಿಲ್ಲ. ಪುಸ್ತಕ ಮುಗಿಯಿತು!

ಈಗ ಓದುಗರ ವಿಷಯ. ಮಜಾ ಅಂದ್ರೆ ಈ ಕಾದಂಬರಿಯ ಬಗ್ಗೆ ಅಭಿಪ್ರಾಯ ಕೇಳುವ ಕೆಲಸವನ್ನು ಬಂಕಿಮರೇ, ಅದೂ ಬರೆಯೋಕ್ಕಿಂತ ಮೊದಲೇ, ಶುರು ಮಾಡಿದ್ದರು. 1860ರಲ್ಲಿ ಅವರು ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿ ಸಮುದ್ರದ ಹತ್ತಿರದ ನೆಗುವಾ ಎಂಬಲ್ಲಿದ್ದರು, ಈಗಿನ ಕಾಂಥಿ ಪಟ್ಟಣದ ಕಡೆ. ಅಲ್ಲಿ ಒಬ್ಬ ಸನ್ಯಾಸಿ ಅಪರಾತ್ರಿಯಲ್ಲಿ ಅವರನ್ನು ನೋಡಲು ಬರುತ್ತಿದ್ದನಂತೆ. ತಮ್ಮ ಪೂರ್ಣಚಂದ್ರ ಇದನ್ನು ಬರೆದಿಟ್ಟಿದ್ದಾರೆ. ಆಮೇಲೆ ಬಂಕಿಮರು ಗೆಳೆಯ ದೀನಬಂಧು ಮಿತ್ರರ ಮುಂದೆ, ಅಣ್ಣ ಸಂಜೀಬಚಂದ್ರರ ಮುಂದೆ ಒಂದು ಪ್ರಶ್ನೆ ಇಟ್ಟರು. ಹುಡುಗಿಯೊಬ್ಬಳು ಹದಿನಾರು ವರ್ಷದ ತನಕ ಸಮುದ್ರದ ದಡದ ಕಾಡಿನಲ್ಲಿ ಕಾಪಾಲಿಕನ ಹೊರತು ಯಾರನ್ನೂ ನೋಡದೆ ಬೆಳೆದು, ಆಮೇಲೆ ಮದುವೆಯಾಗಿ ಸಮಾಜಕ್ಕೆ ಬಂದರೆ ಬದಲಾಗುತ್ತಾಳಾ? ದೀನಬಂಧು ಉತ್ತರ ಕೊಡಲಿಲ್ಲ. 'ನೀಲದರ್ಪಣ' ಬರೆದ ಮನುಷ್ಯ, ಸುಮ್ಮನಿದ್ದರೆ ಕಾರಣ ಇರುತ್ತೆ. ಸಂಜೀಬಚಂದ್ರರದು ಸಂಸಾರಸ್ಥರ ಉತ್ತರ. ಸ್ವಲ್ಪ ದಿನ ಹಳೆಯದು ಕಾಡುತ್ತೆ, ಮಕ್ಕಳಾದ ಮೇಲೆ ಎಲ್ಲ ಸರಿಹೋಗುತ್ತೆ, ಅಂತ. ಈ ಉತ್ತರ ನಮ್ಮೂರಲ್ಲೂ ಎಷ್ಟು ಸಲ ಕೇಳಿಲ್ಲ ಹೇಳಿ! ಬಂಕಿಮರಿಗೆ ಅದು ಸಮಾಧಾನ ಕೊಡಲಿಲ್ಲ. ಕಾದಂಬರಿಯೇ ಅದಕ್ಕೆ ಅವರು ಬರೆದ ಉತ್ತರ.

ಗಮನಿಸಿದಿರಾ? ಹುಡುಗಿ ಬದಲಾಗುತ್ತಾಳಾ ಅಂತ ಕೇಳಿದ್ದು ಗಂಡಸು, ಕೇಳಿಸಿಕೊಂಡವರೂ ಗಂಡಸರೇ. ಆದರೆ ಬರೆಯಲು ಕೂತಾಗ ಬಂಕಿಮರು ಹುಡುಗಿಯ ಕೈಗೇ ಮಾತು ಕೊಟ್ಟರು. ಹೆಂಗಸಿಗೆ ಮದುವೆ ಎಂದರೆ ಹೀಗೆ ಜೀತ ಅಂತ ತಿಳಿದಿದ್ದರೆ ಒಪ್ಪುತ್ತಲೇ ಇರಲಿಲ್ಲ ಅನ್ನುವ ಧಾಟಿಯಲ್ಲಿ ಅವಳು ಗಂಡನ ಮನೆಯಲ್ಲೇ ಹೇಳುತ್ತಾಳೆ. ಇದು 1866. ಜಾನ್ ಸ್ಟುವರ್ಟ್ ಮಿಲ್ ಹೆಂಗಸರ ಅಡಿಯಾಳುತನದ ಬಗ್ಗೆ ಪುಸ್ತಕ ಪ್ರಕಟಿಸಿದ್ದು 1869ರಲ್ಲಿ. ಆ ಮಿಲ್‌ನನ್ನು ಓದಿಕೊಂಡು ಬಂಕಿಮರು 'ಸಾಮ್ಯ' ಪುಸ್ತಕ ತಂದದ್ದು 1879ರಲ್ಲಿ. ಮಾವಶಿಯ ಪ್ರತಿಯಲ್ಲಿ ಈ ಮಾತಿನ ಕೆಳಗೆ ಪೆನ್ಸಿಲ್ ಗೆರೆ ಇದೆ. ಯಾವಾಗ ಎಳೆದದ್ದು ಅಂತ ನಾನು ಕೇಳಲಿಲ್ಲ.

ಇನ್ನು ಅಜ್ಜಿಯ ಅಭಿಪ್ರಾಯ. ಅಜ್ಜಿಗೆ ಇಡೀ ಪುಸ್ತಕದಲ್ಲಿ ಮುಖ್ಯವಾದದ್ದು ಒಂದು ಬಿಲ್ವಪತ್ರೆ. ಮದುವೆಗೆ ಮೊದಲು ಅರ್ಚಕ ದೇವಿಯ ಪಾದದ ಮೇಲೆ ಪತ್ರೆ ಇಟ್ಟು ನೋಡುತ್ತಾನೆ, ಬೀಳುವುದಿಲ್ಲ, ಒಪ್ಪಿಗೆ ಸಿಕ್ಕಿತು ಅನ್ನುತ್ತಾನೆ. ಹೊರಡುವಾಗ ಕಪಾಲಕುಂಡಲೆ ತಾನೇ ಒಂದು ಪತ್ರೆ ಇಡುತ್ತಾಳೆ. ಅದು ಜಾರಿ ಬೀಳುತ್ತದೆ. ಹೆದರಿದ ಹುಡುಗಿಗೆ ಅರ್ಚಕ ಇನ್ನು ಗಂಡ ಹೋದ ದಾರಿಯೇ ನಿನ್ನ ದಾರಿ ಅಂತ ಹೇಳಿ ಕಳಿಸಿಬಿಡುತ್ತಾನೆ.

ಇಂಗ್ಲಿಷ್ ಕಲಿತ ಕಲ್ಕತ್ತೆಯ ಓದುಗರಿಗೆ ಈ ಪತ್ರೆ, ಕನಸು, ಆಕಾಶದ ಭೈರವಿ ಎಲ್ಲ ಅಲೌಕಿಕ. ಮೈ ಜುಮ್ ಅನ್ನಿಸುವ ಸಂಗತಿ. ಬಂಕಿಮರೂ ಜಾಣರು, ಆಕಾಶದಲ್ಲಿ ಕಂಡದ್ದು ದೇವಿಯೋ ಅವಳದೇ ಮನಸ್ಸೋ ಅಂತ ಬಿಡಿಸಿ ಹೇಳುವುದಿಲ್ಲ. ಅಂಕೋಲೆಯ ಅಜ್ಜಿಗೆ ಇದರಲ್ಲಿ ಅಲೌಕಿಕ ಏನೂ ಇರಲಿಲ್ಲ. ನಮ್ಮ ಕಡೆ ದೇವಸ್ಥಾನಗಳಲ್ಲಿ ಪ್ರಸಾದ ಕೇಳುವುದು ಅಂತ ಇದೆ. ದೇವರ ಮೈಗೆ ಹೂವಿನ ಎಸಳು ಅಂಟಿಸಿ ಕಾಯುವುದು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಮದುವೆ, ಜಮೀನು, ಕಾಯಿಲೆ, ಕೋರ್ಟು ಕೇಸು, ಎಲ್ಲಕ್ಕೂ ಕೇಳುತ್ತಾರೆ. ಹಾಗಾಗಿ ಅಜ್ಜಿ ಆ ಭಾಗವನ್ನು ತಾಲೂಕು ಆಫೀಸಿನ ಕಾಗದ ಓದಿಸಿಕೊಂಡ ಹಾಗೆ ಕೇಳಿಸಿಕೊಂಡು ತಪ್ಪು ಹಿಡಿದಿದ್ದರು. ಪ್ರಸಾದ ಕೇಳಬೇಕಾದವಳು ಹುಡುಗಿ, ಅರ್ಚಕ ಅಲ್ಲ. ಹುಡುಗಿ ಕೇಳಿದಾಗ ಬೇಡ ಅಂತ ಬಂತು. ಆಮೇಲೂ ಕಳಿಸಿದ್ದು ತಪ್ಪು. ಮುಂದೆ ಆದದ್ದಕ್ಕೆಲ್ಲ ಅರ್ಚಕನೇ ಜವಾಬ್ದಾರ, ಕಾಪಾಲಿಕ ಅಲ್ಲ! ದೊಡ್ಡ ವಿಮರ್ಶಕರು ಕಪಾಲಕುಂಡಲೆಯನ್ನು ಷೇಕ್ಸ್‌ಪಿಯರನ ಮಿರಾಂಡಾ ಜೊತೆ, ಕಾಳಿದಾಸನ ಶಕುಂತಲೆ ಜೊತೆ ಇಟ್ಟು ತೂಗಿದ್ದಾರೆ. ಬಂಕಿಮರೇ ಅಧ್ಯಾಯಗಳ ತಲೆಗೆ ಇಂಗ್ಲಿಷ್, ಸಂಸ್ಕೃತ ಕವಿಗಳ ಸಾಲು ಅಂಟಿಸಿ ಅದಕ್ಕೆ ದಾರಿ ಮಾಡಿಕೊಟ್ಟಿದ್ದರು ಅನ್ನಿ. ಆದರೆ ಅರ್ಚಕನ ಮೇಲೆ ಕೇಸು ಹಾಕಿದ ವಿಮರ್ಶಕರನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಂದಹಾಗೆ, ಅಲೌಕಿಕ ಪ್ರೇಮಕಥೆ ಅಂದ್ರೆ ಮೂಗು ಮುರಿಯುವವರಿಗೆ ಒಂದು ಮಾತು. ನಾವು ನಾವೆಲ್ಲಿಗೆ 'ಕಾದಂಬರಿ' ಅನ್ನುತ್ತೇವಲ್ಲ, ಮರಾಠಿಯವರೂ ಹಾಗೇ ಅನ್ನುತ್ತಾರೆ. ಅದು ಏಳನೇ ಶತಮಾನದ ಬಾಣಭಟ್ಟನ ನಾಯಕಿಯ ಹೆಸರು. ಶಾಪ, ಮರುಜನ್ಮ, ಮಾತಾಡುವ ಗಿಣಿ, ಸತ್ತ ಪ್ರಿಯಕರ ಎದ್ದು ಬರುವುದು, ಎಲ್ಲವೂ ಇರುವ ಕಥೆ. ನಾಗವರ್ಮ ಸಾವಿರ ವರ್ಷದ ಹಿಂದೆ ಅದನ್ನು ಕನ್ನಡಕ್ಕೆ ತಂದ. ಅಂದರೆ ಈ ಇಡೀ ಪ್ರಕಾರಕ್ಕೆ ನಾವು ಇಟ್ಟುಕೊಂಡಿರುವುದೇ ಇಂಥ ಒಬ್ಬಳ ಹೆಸರು. ಬಂಕಿಮರನ್ನು ಕನ್ನಡಿಗರಿಗೆ ಹತ್ತಿರ ಮಾಡಿದವರು ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು (1845–1914). ಬಂಗಾಳಿ ಕಲಿತು ಒಂದಾದ ಮೇಲೊಂದು ಕಾದಂಬರಿ ಇಳಿಸಿದರು. ಅವರಿಂದ ಕಾದಂಬರಿ ಓದುವ ಚಟ ಹತ್ತಿದ ಮನೆಗಳೆಷ್ಟೋ.

ಇನ್ನು ಕೊನೆಯ ವಿಷಯ. ಇಬ್ಬರನ್ನೂ ನೀರಿಗೆ ದೂಡಿ ಬಂಕಿಮರು ಎದ್ದು ಹೋದದ್ದು ಅನೇಕ ಓದುಗರಿಗೆ ಹಿಡಿಸಲಿಲ್ಲ. ಹಿಡಿಸದ ಓದುಗ ಏನು ಮಾಡಬಹುದು? ದಾಮೋದರ ಮುಖೋಪಾಧ್ಯಾಯ ಎಂಬುವರು ಮುಂದಿನ ಭಾಗವನ್ನೇ ಬರೆದುಬಿಟ್ಟರು, 1874ರಲ್ಲಿ. ಹೆಣ ಸಿಗಲಿಲ್ಲ ತಾನೆ, ಹಾಗಾದರೆ ಬದುಕಿಸಬಹುದು! ಬಂಕಿಮರು ಆಗ ಬದುಕಿಯೇ ಇದ್ದರು ಅನ್ನೋದನ್ನ ನೆನಪಿಡಿ. ಆ ಪುಸ್ತಕದ ಹೆಸರು 'ಮೃಣ್ಮಯಿ'. ಕಪಾಲಕುಂಡಲಾ ಅಲ್ಲ, ಮೃಣ್ಮಯಿ. ಅವಳನ್ನು ಉಳಿಸಲು ಹೋದವರು ಗಂಡನ ಮನೆಯ ಹೆಸರಿನಲ್ಲೇ ಉಳಿಸಿದರು. ನನಗೆ ಇದು ಮೊದಲ ಸಲ ಹೊಳೆದದ್ದು ಮಾವಶಿಯ ಎರಡು ಸರ್ಟಿಫಿಕೇಟ್ ಮುಂದಿಟ್ಟುಕೊಂಡು ಕೂತಾಗ.

ಈಗ ಕಾರವಾರ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಕಾರವಾರ ಬೆಳೆಯಿತು. ಇಲ್ಲಿಗೆ ಜಡ್ಜ್ ಆಗಿ ಬಂದವರು ಸತ್ಯೇಂದ್ರನಾಥ ಠಾಕೂರರು, ಐಸಿಎಸ್ ಪಾಸಾದ ಮೊದಲ ಭಾರತೀಯ. 1883ರಲ್ಲಿ ಅವರ ಮನೆಗೆ ಬಂದ ತಮ್ಮ 22ರ ಹರೆಯದ ರವೀಂದ್ರ. ಆ ಹೊತ್ತಿಗೆ ಬಂಕಿಮರು ಈ ಹುಡುಗನನ್ನು ಗುರುತಿಸಿಯಾಗಿತ್ತು. ರಮೇಶಚಂದ್ರ ದತ್ತರ ಮನೆಯ ಮದುವೆಯಲ್ಲಿ ತಮಗೆ ಹಾಕಿದ ಹಾರವನ್ನು ತೆಗೆದು ಇವನ ಕೊರಳಿಗೆ ಹಾಕಿದ್ದರು.

ಕಾರವಾರದ ದಿನಗಳನ್ನು ರವೀಂದ್ರರು ಮುಂದೆ 'ಜೀವನಸ್ಮೃತಿ'ಯಲ್ಲಿ ಬರೆದಿದ್ದಾರೆ. ಗುಡ್ಡ ಸುತ್ತುವರಿದ ಊರು, ಅಗಲವಾದ ಮರಳು, ಗಾಳಿಮರದ ತೋಪು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿ ಶಿವಾಜಿಯ ಗುಡ್ಡದ ಕೋಟೆಯ ಹತ್ತಿರ ಇಳಿದದ್ದು (ನಮ್ಮ ಸದಾಶಿವಗಡವೇ ಇರಬೇಕು), ಒಬ್ಬ ರೈತನ ಸಾರಿಸಿ ಗುಡಿಸಿದ ಅಂಗಳದಲ್ಲಿ ಕೂತು ಉಂಡದ್ದು, ಇಳಿತದ ನೀರಿನ ಜೊತೆ ವಾಪಸು ಬಂದದ್ದು, ಅಪರಾತ್ರಿ ಮರಳಿನ ಮೇಲೆ ನಡೆದದ್ದು. ಓದಿ ನೋಡಿ, ನಿದ್ದೆ ಮಾಡುವ ಸಮುದ್ರ, ನಿರ್ಜನ ದಂಡೆ, ಭರತಿ ಇಳಿತದ ದೋಣಿ... ನನಗಂತೂ 'ಕಪಾಲಕುಂಡಲಾ'ದ ಮೊದಲ ಅಧ್ಯಾಯಗಳ ಒಳಗೆ ಒಬ್ಬ ಹುಡುಗ ಓಡಾಡಿದ ಹಾಗೆ ಕಾಣುತ್ತದೆ.

ಕಾರವಾರದಲ್ಲಿ ಅವರು ಬರೆದದ್ದು 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ, ಪ್ರಕೃತಿಯ ಸೇಡು ಅಂತ ಅರ್ಥ. ಅದರ ಕೆಲವು ಹಾಡು ಕಟ್ಟಿದ್ದು ಇಲ್ಲಿಂದ ಮರಳುವಾಗ ಹಡಗಿನಲ್ಲಿ. ಪುಸ್ತಕ ಬಂದದ್ದು 1884ರಲ್ಲಿ. ಎಲ್ಲ ಬಂಧ ಕಡಿದುಕೊಂಡು ಗುಹೆಯಲ್ಲಿ ಕೂತ ಒಬ್ಬ ಸನ್ಯಾಸಿ. ಊರವರು ಮುಟ್ಟಿಸಿಕೊಳ್ಳದ ಒಬ್ಬ ಅನಾಥ ಹುಡುಗಿ. ಅವಳು ಅವನಿಗೆ ಅಂಟಿಕೊಳ್ಳುತ್ತಾಳೆ. ಅವನ ಮನಸ್ಸು ಕರಗುತ್ತದೆ, ಹೆದರಿ ಬಿಟ್ಟು ಓಡುತ್ತಾನೆ. ತಡೆಯಲಾರದೆ ತಿರುಗಿ ಬಂದಾಗ ಹುಡುಗಿ ಸತ್ತಿರುತ್ತಾಳೆ.

ನನ್ನ ಊಹೆ ಇಷ್ಟು. ಇದು ಒಬ್ಬ ಓದುಗ ಬಂಕಿಮರಿಗೆ ಕೊಟ್ಟ ಉತ್ತರ. ಎಲ್ಲರೂ ಹುಡುಗಿ ಬದಲಾಗುತ್ತಾಳಾ ಅಂತ ಕೇಳುತ್ತಿದ್ದಾಗ, ಈತ ಕಾಪಾಲಿಕ ಯಾಕೆ ಬದಲಾಗಲಿಲ್ಲ ಅಂತ ಕೇಳಿದ. ಹದಿನಾರು ವರ್ಷ ಸಾಕಿದವನಿಗೆ ಒಂದು ದಿನವಾದರೂ ಅವಳ ಮೇಲೆ ಮಮತೆ ಹುಟ್ಟಲಿಲ್ಲವಾ? ಬಂಕಿಮರಲ್ಲಿ ಇಲ್ಲ. ಕಾರವಾರದಲ್ಲಿ ಬರೆದ ನಾಟಕದಲ್ಲಿ ಹುಟ್ಟುತ್ತದೆ, ಆದರೆ ತಡವಾಗಿ. ರವೀಂದ್ರರು ತಾವೇ ಇದನ್ನು ಬಂಕಿಮರ ಜೊತೆ ಜೋಡಿಸಿ ಹೇಳಿಲ್ಲ. ಸೀಮಿತದಲ್ಲೇ ಅಸೀಮವನ್ನು ಕಾಣುವ ಸಂತೋಷದ ಬಗ್ಗೆ ಬರೆದೆ ಅಂತಷ್ಟೇ ಹೇಳಿಕೊಂಡಿದ್ದಾರೆ. ತಪ್ಪು ಅನ್ನಿಸಿದರೆ ಜಗಳಕ್ಕೆ ಬನ್ನಿ, ನಮ್ಮ ಮನೆಯಲ್ಲಿ ಅಭ್ಯಾಸ ಇದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆಮೇಲಿನ ಸಂಗತಿ. ಕಾರವಾರದಿಂದ ಕಲ್ಕತ್ತೆಗೆ ಹೋದ ರವೀಂದ್ರರಿಗೆ 1883ರ ಡಿಸೆಂಬರ್ 9ರಂದು ಮದುವೆಯಾಯಿತು. ಹುಡುಗಿ ಭವತಾರಿಣಿ, ಹತ್ತರ ಆಸುಪಾಸಿನ ವಯಸ್ಸು. ಠಾಕೂರರ ಮನೆಯಲ್ಲಿ ಅವಳ ಹೆಸರು ಬದಲಾಯಿತು, ಮೃಣಾಲಿನಿ ಅಂತ. ನಮಗೆಲ್ಲ ಗೊತ್ತಿರುವುದು ಮೃಣಾಲಿನಿ ದೇವಿ. ಭವತಾರಿಣಿ ಯಾರೆಂದು ಕೇಳಿದರೆ ಎಷ್ಟು ಜನ ಹೇಳುತ್ತಾರೆ? ಮೃಣಾಲಿನಿ ಅನ್ನೋದು ಬಂಕಿಮರ ಇನ್ನೊಂದು ಕಾದಂಬರಿಯ ಹೆಸರೂ ಹೌದು, 1869ರದು. ಸುಮ್ಮನೆ ಕೂಡಿಬಂದದ್ದೇ ಇರಬಹುದು, ಇರಲಿ.

ಹತ್ತು ವರ್ಷದ ಮೇಲೆ, 1893ರಲ್ಲಿ, ರವೀಂದ್ರರು 'ಸಮಾಪ್ತಿ' ಎಂಬ ಕಥೆ ಬರೆದರು. ಸತ್ಯಜಿತ್ ರಾಯ್ 1961ರಲ್ಲಿ 'ತೀನ್ ಕನ್ಯಾ'ದಲ್ಲಿ ಅದನ್ನು ಸಿನಿಮಾ ಮಾಡಿದರು. ಹೊಳೆ ದಂಡೆಯಲ್ಲಿ ಗಂಡುಹುಡುಗರ ಜೊತೆ ಕುಣಿಯುವ, ಯಾರಿಗೂ ಬಗ್ಗದ ಕಾಡು ಹುಡುಗಿ. ಕಾಲೇಜು ಓದಿದ ಯುವಕ ಹಟ ಹಿಡಿದು ಮದುವೆಯಾಗುತ್ತಾನೆ. ಹುಡುಗಿ ಒಪ್ಪುವುದಿಲ್ಲ, ಗಂಡ ಬಲವಂತ ಮಾಡದೆ ದೂರ ಹೋಗಿ ಕಾಯುತ್ತಾನೆ, ಕೊನೆಗೆ ಅವಳೇ ಬರುತ್ತಾಳೆ. ಆ ಹುಡುಗಿಯ ಹೆಸರೇನು ಗೊತ್ತಾ? ಮೃಣ್ಮಯಿ! ಇಲ್ಲಿ ಅದು ಹುಟ್ಟಿದಾಗಿನ ಹೆಸರು. ಯಾರೂ ಬದಲಾಯಿಸಿದ್ದಲ್ಲ. ಕಾಯುವ ಗಂಡ ಸಿಕ್ಕಿದ್ದರೆ ಕಪಾಲಕುಂಡಲೆ ಉಳಿಯುತ್ತಿದ್ದಳು ಅಂತ ಇದರ ಅರ್ಥವೇ? ನಾನು ಹಾಗೆ ಓದಿಕೊಳ್ಳುತ್ತೇನೆ.

ಮಾವಶಿ ಒಪ್ಪಲಿಲ್ಲ. ಇದೆಲ್ಲ ಹೇಳಿದಾಗ ಅವರು ತೆಂಗಿನಕಾಯಿ ತುರಿಯುತ್ತಿದ್ದರು.

"ಕಾದರೂ ಅಷ್ಟೇ, ಕಾಯದಿದ್ದರೂ ಅಷ್ಟೇ. ಅವಳು ಬರಬೇಕು ಅಂತ ತಾನೇ ಕಾಯೋದು? ಅವನು ದಡಕ್ಕೆ ಹೋಗಿ ಇರಬಹುದಿತ್ತಲ್ಲ" ಅಂದರು.

ನೂರೈವತ್ತು ವರ್ಷದಲ್ಲಿ ದೀನಬಂಧು ಮಿತ್ರರಿಂದ ಹಿಡಿದು ನನ್ನ ತನಕ ಯಾರಿಗೂ ಹೊಳೆಯದ ಮಾತು. ನವಕುಮಾರ ಹೆಸರು ಬದಲಾಯಿಸಿಕೊಂಡು ಸಮುದ್ರದ ದಡದಲ್ಲಿ ಸಂಸಾರ ಹೂಡುವುದನ್ನು ಕಲ್ಪಿಸಿಕೊಳ್ಳಲು ಹೋದೆ, ಆಗಲಿಲ್ಲ.

ಸತ್ತಳಾ ಇಲ್ಲವಾ ಅನ್ನೋ ಜಗಳದಲ್ಲಿ ಅಜ್ಜಿಯದು ಸತ್ತಳು ಅನ್ನುವ ಪಕ್ಷ. ಪತ್ರೆ ಬಿದ್ದ ಮೇಲೆ ಮುಗಿಯಿತು. ಮಾವಶಿಯದು ಬದುಕಿದ್ದಾಳೆ ಅನ್ನುವ ಪಕ್ಷ. ಈಜು ಬರುವ, ಸಮುದ್ರದ ಪಕ್ಕ ಬೆಳೆದ ಹುಡುಗಿ ಹೊಳೆಯಲ್ಲಿ ಯಾಕೆ ಮುಳುಗುತ್ತಾಳೆ, ತೇಲಿಕೊಂಡು ಮತ್ತೆ ದಡಕ್ಕೇ ಹೋಗಿರುತ್ತಾಳೆ, ಒಬ್ಬಳೇ. ದಾಮೋದರ ಬಾಬುಗಳ ಹೆಸರೂ ಕೇಳದೆ ಮಾವಶಿ ತಮ್ಮದೇ ಎರಡನೇ ಭಾಗ ಕಟ್ಟಿಕೊಂಡಿದ್ದರು. ಚಿಕ್ಕವನಿದ್ದಾಗ ನನಗೂ ಅದನ್ನೇ ಹೇಳಿ ನಿದ್ದೆ ಮಾಡಿಸುತ್ತಿದ್ದರು.

ಈ ಸಲ ಕೇಳಿದೆ, "ಈಗಲೂ ಹಾಗೇ ಅನ್ನಿಸುತ್ತಾ ಮಾವಶಿ?"

ಸ್ವಲ್ಪ ಹೊತ್ತು ತುರಿಯುವುದು ನಿಂತಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ದಾಟಿ ಗಂಗಾವಳಿಗೆ ಇಳಿದದ್ದು ನಿಮಗೂ ನೆನಪಿರಬೇಕು. ಚಹಾದಂಗಡಿಯಲ್ಲಿ ಇದ್ದವರು, ಲಾರಿ ನಿಲ್ಲಿಸಿ ಕೂತವರು, ಹೊಳೆಯ ಆಚೆ ದಂಡೆಯ ಮನೆಯಲ್ಲಿ ಇದ್ದವರು. ನೀರಿಗೆ ಹೋದ ಒಂದು ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, ಎರಡು ತಿಂಗಳು ದಾಟಿದ ಮೇಲೆ. ಅಷ್ಟು ದಿನವೂ ಮಾವಶಿ ಟೀವಿ ಮುಂದೆ ಇದ್ದರು. ನಾನು ಬೆಂಗಳೂರಿನಿಂದ ಫೋನ್ ಮಾಡಿದಾಗೆಲ್ಲ ಮೊದಲ ಮಾತು, "ಇವತ್ತೂ ಸಿಕ್ಕಿಲ್ಲವಂತೆ."

"ಆಗ ಸಿಗಲಿಲ್ಲ ಅಂದರೆ ಏನು ಅಂತ ಗೊತ್ತಿರಲಿಲ್ಲ ಮಾರಾಯಾ" ಅಂದರು. "ಸಿಗದೇ ಇದ್ದರೆ ಒಳ್ಳೇದು ಅಂತ ಓದಿದ್ದೆ. ಸಿಗಬೇಕು. ಹೇಗಾದರೂ ಸಿಗಬೇಕು."

ಅರ್ಜಿ ಅಂತೂ ತುಂಬಿದೆ. ಹಳೆಯ ಹೆಸರಿಗೆ ಅದರಲ್ಲಿ ಕಾಲಮ್ ಇತ್ತು, ಆದರೆ ಪುರಾವೆ ಅಪ್‌ಲೋಡ್ ಮಾಡದೆ ಮುಂದಿನ ಪುಟಕ್ಕೆ ಬಿಡಲಿಲ್ಲ. ಶಾಲೆ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿ ಹಾಕಿದೆ. ಈಗಲೂ ಪೆಂಡಿಂಗ್ ಅಂತಲೇ ತೋರಿಸುತ್ತಿದೆ. ಪುಸ್ತಕವನ್ನು ಬೈಂಡ್ ಮಾಡಿಸಲು ಬೆಂಗಳೂರಿಗೆ ತಂದಿದ್ದೇನೆ. ರಟ್ಟಿನ ಮೇಲೆ ನಿಮ್ಮ ಯಾವ ಹೆಸರು ಹಾಕಿಸಲಿ ಅಂತ ಫೋನಿನಲ್ಲಿ ಕೇಳಿದೆ.

"ನನ್ನದು ಯಾಕೆ? ಅವಳದು ಹಾಕಿಸು. ಮೊದಲಿನದು" ಅಂದರು.